ಯುಸಿ ಹೋಯ್ತು, ಸಸಿ ಎಲ್ಲಿ?

ಜೂನ್ 5ರಂದು ನಮ್ಮ ನ್ಯೂಸ್‌ರೂಂನಲ್ಲಿ ಸುದ್ದಿ ಹುಡುಕೋ ಕೆಲಸವೇ ಇರೋದಿಲ್ಲ. ಬೆಳಗ್ಗೆ ಹತ್ತು ಗಂಟೆಯೊಳಗೆ ಎಲ್ಲ ಜಿಲ್ಲೆಗಳಿಂದಲೂ ವಿಡಿಯೋ ಬಂದು ಬೀಳುತ್ತೆ. ಗಣ್ಯರ ಕೈಯಲ್ಲಿ ಸಸಿ, ಪಕ್ಕದವರ ಕೈಯಲ್ಲಿ ಬಿಂದಿಗೆ, ಹಿಂದೆ ಬ್ಯಾನರ್ ಹಿಡಿದು ಬಿಸಿಲಲ್ಲಿ ನಿಂತ ಮಕ್ಕಳು. ಊರು ಬೇರೆ, ಮುಖ ಬೇರೆ, ದೃಶ್ಯ ಮಾತ್ರ ಒಂದೇ. ನಾನೂ ಎಷ್ಟೋ ವರ್ಷ ಆ ದೃಶ್ಯಗಳ ಮೇಲೆ "ಹಸಿರೇ ಉಸಿರು" ಅಂತ ಓದಿ ಜಾಹೀರಾತಿಗೆ ಹೋಗಿದ್ದೇನೆ.

ಅದೇ ಗುಂಡಿಯ ಹತ್ತಿರ ಮುಂದಿನ ಮಾರ್ಚ್‌ನಲ್ಲಿ ಕ್ಯಾಮೆರಾ ಕಳಿಸಿದ್ದೀವಾ ಅಂತ ನೀವು ಕೇಳಿದರೆ, ಇಲ್ಲ. ಒಂದು ಸಲವೂ ಇಲ್ಲ.

ಈ ಪ್ರಶ್ನೆ ನನಗೆ ತಾನಾಗಿ ಹೊಳೆದದ್ದೂ ಅಲ್ಲ. ಬೇರೆ ಯಾವುದೋ ಸ್ಟೋರಿಗೆ ಅಂತ ಬಯಲುಸೀಮೆಯ ಒಂದು ಸರ್ಕಾರಿ ಪ್ರೌಢಶಾಲೆಗೆ ಹೋಗಿದ್ದೆ. ಅಲ್ಲಿ ಇಕೋ ಕ್ಲಬ್ ನೋಡಿಕೊಳ್ಳುವ ಟೀಚರ್ ಎರಡು ವಸ್ತು ತೋರಿಸಿದರು. ಒಂದು ಫೈಲು. ಅದರಲ್ಲಿ ಅನುದಾನ ಮಂಜೂರಾದ ಪತ್ರ, ಸಸಿ ತಂದ ಬಿಲ್ಲು, ಬ್ಯಾನರ್ ಬಿಲ್ಲು, ಫೋಟೋಗಳು, ಕೊನೆಯಲ್ಲಿ ಹಣಬಳಕೆ ಪ್ರಮಾಣಪತ್ರ. ಎಲ್ಲರ ಬಾಯಲ್ಲೂ ಅದು ಯುಸಿ. ಆಮೇಲೆ ಶಾಲೆಯ ಹಿಂಭಾಗಕ್ಕೆ ಕರೆದುಕೊಂಡು ಹೋದರು. ನೆಟ್ಟದ್ದು ನಲವತ್ತು, ಬದುಕಿದ್ದು ಒಂಬತ್ತು. ಹೊಂಗೆ ಐದು, ಬೇವು ನಾಲ್ಕು.

"ಫೈಲ್‌ನಲ್ಲಿ ನಲವತ್ತಕ್ಕೆ ಜಾಗ ಇದೆ ಸರ್, ಈ ಒಂಬತ್ತನ್ನು ಬರೆಯೋಕೆ ಎಲ್ಲೂ ಜಾಗ ಇಲ್ಲ" ಅಂದರು.

ಅದು ಯಾವ ಯೋಜನೆಯ ಹಣ ಅಂತ ನಾನು ಹೇಳೋದಿಲ್ಲ. ಅವರಿಗೆ ನೋಟಿಸ್ ಬರೋದು ಬೇಡ. ಆದರೆ ಶಾಲೆಗಳಿಗೆ ಪರಿಸರದ ಹೆಸರಲ್ಲಿ ಹಣ ಯಾಕೆ ಬರುತ್ತೆ, ಹೇಗೆ ಬರುತ್ತೆ, ಬಂದಮೇಲೆ ಏನಾಗುತ್ತೆ ಅನ್ನೋದನ್ನು ನಾವೆಲ್ಲ ತಿಳಿದುಕೊಳ್ಳಬೇಕು. ಅದು ನಮ್ಮ ತೆರಿಗೆ ದುಡ್ಡು.

ಇದರ ಬೇರು ಇರೋದು ಸುಪ್ರೀಂ ಕೋರ್ಟಿನಲ್ಲಿ. ವಕೀಲ ಎಂ.ಸಿ. ಮೆಹ್ತಾ ಹಾಕಿದ್ದ ಅರ್ಜಿಯಲ್ಲಿ 1991ರ ನವೆಂಬರ್‌ನಲ್ಲಿ ಕೋರ್ಟು ಹೇಳಿತು: ಪರಿಸರವನ್ನು ಶಾಲೆ ಕಾಲೇಜುಗಳಲ್ಲಿ ಕಡ್ಡಾಯ ವಿಷಯವಾಗಿ ಕಲಿಸಬೇಕು, ಚಿತ್ರಮಂದಿರಗಳಲ್ಲಿ ಪರಿಸರದ ಸ್ಲೈಡ್ ತೋರಿಸಬೇಕು. ಆಕಾಶವಾಣಿ, ದೂರದರ್ಶನಕ್ಕೂ ದಿನಾ ಐದರಿಂದ ಏಳು ನಿಮಿಷ ಇದಕ್ಕೆ ಮೀಸಲಿಡಿ ಅಂತ ಸೂಚನೆ ಹೋಯಿತು. ಆಗ ಖಾಸಗಿ ಸುದ್ದಿ ಚಾನೆಲ್‌ಗಳೇ ಇರಲಿಲ್ಲ, ಹಾಗಾಗಿ ನಾವು ಬಚಾವ್.

ಆಮೇಲೆ 2001-02ರಲ್ಲಿ ಕೇಂದ್ರ ಪರಿಸರ ಸಚಿವಾಲಯ ನ್ಯಾಷನಲ್ ಗ್ರೀನ್ ಕೋರ್ ಅಂತ ಶುರುಮಾಡಿತು. ಶಾಲೆಗೊಂದು ಇಕೋ ಕ್ಲಬ್, ಅದಕ್ಕೆ ಒಬ್ಬ ಉಸ್ತುವಾರಿ ಶಿಕ್ಷಕರು, ವರ್ಷಕ್ಕಿಷ್ಟು ಅನುದಾನ. ದೇಶದಲ್ಲಿ ಇಂಥ ಕ್ಲಬ್‌ಗಳ ಸಂಖ್ಯೆ ಒಂದು ಲಕ್ಷ ದಾಟಿತು. ಅನುದಾನ ಎಷ್ಟು ಅಂತೀರಾ? ಬಹಳ ವರ್ಷ ಕ್ಲಬ್ಬಿಗೆ ವರ್ಷಕ್ಕೆ 2,500 ರೂಪಾಯಿ. ಆಮೇಲೆ 5,000. ಅಂದರೆ ತಿಂಗಳಿಗೆ 416 ರೂಪಾಯಿ ಚಿಲ್ಲರೆ. 2018ರಿಂದ ಸಮಗ್ರ ಶಿಕ್ಷಣ ಯೋಜನೆಯಲ್ಲೂ ಯೂತ್ ಮತ್ತು ಇಕೋ ಕ್ಲಬ್ ಅಂತ ಒಂದು ಬಾಬ್ತು ಸೇರಿತು. ಅಲ್ಲಿ ಪ್ರೌಢಶಾಲೆಗೆ ವರ್ಷಕ್ಕೆ 25,000 ರೂಪಾಯಿವರೆಗೂ ಕೊಡಬಹುದು. "ವರೆಗೂ" ಅನ್ನೋ ಪದ ಗಮನಿಸಿ, ಸರ್ಕಾರಿ ಕಾಗದದಲ್ಲಿ ಆ ಪದಕ್ಕೆ ಬಹಳ ತೂಕ.

ಆ ಹಣ ಶಾಲೆಗೆ ತಲುಪೋದು ನೇರ ದಾರಿಯಲ್ಲಲ್ಲ. ದಿಲ್ಲಿಯಿಂದ ರಾಜ್ಯದ ಖಜಾನೆ, ಅಲ್ಲಿಂದ ಜಾರಿ ಮಾಡೋ ಸಂಸ್ಥೆ, ಅಲ್ಲಿಂದ ಜಿಲ್ಲೆ, ತಾಲ್ಲೂಕು, ಶಾಲೆ. 2021ರಿಂದ ಕೇಂದ್ರದ ಯೋಜನೆಗಳಲ್ಲಿ ಇನ್ನೊಂದು ಬದಲಾವಣೆ ಆಗಿದೆ. ಯೋಜನೆಗೊಂದು ರಾಜ್ಯಮಟ್ಟದ ನೋಡಲ್ ಖಾತೆ. ಕೆಳಗಿನವರಿಗೆ ಸಿಗೋದು ಇಷ್ಟು ಖರ್ಚು ಮಾಡಬಹುದು ಅನ್ನೋ ಮಿತಿ ಮಾತ್ರ. ಇದಕ್ಕೆ ಸರಿಯಾದ ಕಾರಣ ಇತ್ತು. ಮೊದಲು ಸಾವಿರಾರು ಬ್ಯಾಂಕ್ ಖಾತೆಗಳಲ್ಲಿ ಹಣ ಸುಮ್ಮನೆ ಕೂತಿರ್ತಿತ್ತು, ಸರ್ಕಾರ ಇತ್ತ ಬಡ್ಡಿಗೆ ಸಾಲ ತರ್ತಿತ್ತು. ಅದನ್ನು ತಪ್ಪಿಸಿದ್ದು ಒಳ್ಳೇದೇ. ಆದರೆ ಮುಂದಿನ ಮೇ ತಿಂಗಳಿಗೆ ಇರಲಿ ಅಂತ ಒಂದು ಸಾವಿರ ರೂಪಾಯಿ ತೆಗೆದಿಟ್ಟುಕೊಳ್ಳೋ ಸ್ವಾತಂತ್ರ್ಯ ಹೆಡ್‌ಮಾಸ್ಟರಿಗೆ ಉಳಿಯಲಿಲ್ಲ.

ಮೇ ತಿಂಗಳು ಯಾಕೆ ಅಂತ ಹೇಳ್ತೀನಿ. ಈ ಕಥೆಯಲ್ಲಿ ಮೂರು ಕ್ಯಾಲೆಂಡರ್ ಇದೆ. ಸರ್ಕಾರದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಶಾಲೆಯ ವರ್ಷ ಜೂನ್ ಹೊತ್ತಿಗೆ ಶುರುವಾಗಿ ಏಪ್ರಿಲ್ ಎರಡನೇ ವಾರಕ್ಕೆ ಮುಗಿಯುತ್ತೆ. ಸಸಿಯ ವರ್ಷ ಮಳೆಯಿಂದ ಮಳೆಗೆ. ಜುಲೈನಲ್ಲಿ ನೆಟ್ಟ ಸಸಿಗೆ ನಿಜವಾದ ಪರೀಕ್ಷೆ ಮೊದಲ ಬೇಸಿಗೆ, ಅಂದರೆ ಮಾರ್ಚ್, ಏಪ್ರಿಲ್, ಮೇ. ಸರಿಯಾಗಿ ಅದೇ ಹೊತ್ತಿಗೆ ಸರ್ಕಾರದ ಲೆಕ್ಕ ಮುಗಿದಿರುತ್ತೆ, ಮಕ್ಕಳು ಅಜ್ಜಿ ಊರಿಗೆ ಹೋಗಿರ್ತಾರೆ. ಸಸಿ ಒಂದೇ ಉಳಿಯುತ್ತೆ. ಎಷ್ಟೋ ಸಲ ಹಣ ಬರೋದೇ ಫೆಬ್ರವರಿಯಲ್ಲಿ. ಮಾರ್ಚ್ 31ರೊಳಗೆ ಖರ್ಚು ಮಾಡದಿದ್ದರೆ ಕೈತಪ್ಪುತ್ತೆ. ಫೆಬ್ರವರಿಯಲ್ಲಿ ಬಯಲುಸೀಮೆಯಲ್ಲಿ ಯಾರಾದರೂ ಸಸಿ ನೆಡ್ತಾರಾ? ನೆಡಬೇಕಾಗುತ್ತೆ. ಇಲ್ಲದಿದ್ದರೆ ಫ್ಲೆಕ್ಸ್ ಮಾಡಿಸಬೇಕು, ಭಾಷಣ ಸ್ಪರ್ಧೆಗೆ ಬಹುಮಾನ ತರಬೇಕು. ಪ್ಲಾಸ್ಟಿಕ್ ಬಿಡಿ ಅಂತ ಪ್ಲಾಸ್ಟಿಕ್ ಫ್ಲೆಕ್ಸ್ ಮೇಲೆ ಬರೆಸೋದು ಇದೇ ಮಾರ್ಚ್ ತಿಂಗಳಲ್ಲಿ.

ಮಾರ್ಚ್ ತಿಂಗಳ ಈ ಓಟ ಸರ್ಕಾರಕ್ಕೆ ಗೊತ್ತಿಲ್ಲದ್ದಲ್ಲ. ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳಲ್ಲೇ, ವರ್ಷದ ಕೊನೇ ತಿಂಗಳುಗಳಲ್ಲಿ ಗಡಿಬಿಡಿ ಖರ್ಚು ಮಾಡೋದು ಆರ್ಥಿಕ ಶಿಸ್ತಿನ ಉಲ್ಲಂಘನೆ ಅಂತ ಬರೆದಿದೆ. ಕೊನೇ ಮೂರು ತಿಂಗಳಲ್ಲಿ ಬಜೆಟ್ಟಿನ ಶೇ. 33, ಮಾರ್ಚ್ ಒಂದರಲ್ಲೇ ಶೇ. 15, ಇದನ್ನು ದಾಟಬಾರದು ಅಂತ ಹಣಕಾಸು ಸಚಿವಾಲಯ ತನ್ನ ಇಲಾಖೆಗಳಿಗೆ ಮಿತಿ ಹಾಕಿದೆ. ಆದರೆ ಆ ಮಿತಿ ದಿಲ್ಲಿಯ ಸಚಿವಾಲಯದ ಲೆಕ್ಕಕ್ಕೆ. ಅಲ್ಲಿ ಡಿಸೆಂಬರ್‌ನಲ್ಲಿ ಖರ್ಚಾಯ್ತು ಅಂತ ಬರೆದ ಹಣ ಹಳ್ಳಿ ಶಾಲೆಗೆ ಯಾವಾಗ ಬರುತ್ತೆ ಅನ್ನೋದು ಬೇರೆ ಮಾತು.

ಈಗ ಯುಸಿ ವಿಷಯ. ಇದನ್ನು ಬೈಯೋದು ಸುಲಭ. ನಾನು ಬೈಯೋದಿಲ್ಲ. ಸಾರ್ವಜನಿಕ ಹಣ ಕೊಟ್ಟಮೇಲೆ ಲೆಕ್ಕ ಕೇಳಲೇಬೇಕು, ಇಲ್ಲದಿದ್ದರೆ ನಲವತ್ತೂ ಇರಲ್ಲ, ಒಂಬತ್ತೂ ಇರಲ್ಲ. ಕೇಂದ್ರದ ಅನುದಾನಕ್ಕೆ 12-ಎ ಅಂತ ಒಂದು ನಮೂನೆ ಇದೆ. ಯಾವ ಉದ್ದೇಶಕ್ಕೆ ಮಂಜೂರಾಯಿತೋ ಅದಕ್ಕೇ ಬಳಸಿದ್ದೇವೆ ಅಂತ ಸಹಿ ಹಾಕಬೇಕು. ಆರ್ಥಿಕ ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಕೊಡಬೇಕು. ಹಿಂದಿನ ಯುಸಿ ಹೋಗದೆ ಮುಂದಿನ ಕಂತು ಬರೋದಿಲ್ಲ. 2017ರ ನಿಯಮ ಬಂದಮೇಲೆ ಈ ನಮೂನೆಯಲ್ಲಿ ಹಣದಿಂದ ಏನು ಫಲ ಸಿಕ್ಕಿತು ಅಂತ ಅನುಬಂಧದಲ್ಲಿ ತೋರಿಸಿ ಅನ್ನೋ ಸಾಲೂ ಇದೆ. ಆದರೆ ಆ ಸಾಲು ತುಂಬೋದು ಹಣ ಖರ್ಚಾದ ಹೊತ್ತಿನಲ್ಲಿ. ಸಸಿ ಇನ್ನೂ ಬೇಸಿಗೆಯನ್ನೇ ನೋಡಿಲ್ಲ. ಹಾಗಾಗಿ ಫಲ ಅಂದರೆ ನೆಟ್ಟ ಸಸಿ ಎಷ್ಟು, ಬಂದ ಮಕ್ಕಳು ಎಷ್ಟು, ಫೋಟೋ ಎಷ್ಟು, ಅಷ್ಟೇ.

ನಾನು ಓದಿದ್ದು ಇಂಜಿನಿಯರಿಂಗ್. ಕಂಟ್ರೋಲ್ ಸಿಸ್ಟಮ್ಸ್ ಅಂತ ಒಂದು ಪೇಪರ್ ಇತ್ತು, ಪಾಸಾಗಿದ್ದೇ ಕಷ್ಟಪಟ್ಟು. ಅದರಲ್ಲಿ ನೆನಪಿರೋದು ಒಂದೇ ವಿಷಯ. ಟೈಮರ್ ಹಾಕಿದ ಪಂಪು ಅರ್ಧ ಗಂಟೆ ಆಯ್ತಾ ಅಂತ ನೋಡುತ್ತೆ, ಹೊಲ ಒದ್ದೆ ಆಯ್ತಾ ಅಂತ ನೋಡಲ್ಲ. ಮನೆ ಮೇಲಿನ ಟ್ಯಾಂಕಿನಲ್ಲಿ ಚೆಂಡು ತೇಲೋ ವಾಲ್ವ್ ಇರುತ್ತಲ್ಲ, ಅದು ನೀರಿನ ಮಟ್ಟ ನೋಡಿ ನಿಲ್ಲಿಸುತ್ತೆ. ನಮ್ಮ ಪರಿಸರ ಅನುದಾನ ಬಹುಪಾಲು ಟೈಮರ್ ಪಂಪು.

ಸಣ್ಣ ಹಣ ಅಂತ ಹೀಗೆ, ದೊಡ್ಡ ಹಣ ಬೇರೆ ಥರ ಇರಬಹುದು ಅಂದುಕೊಂಡೀರಿ. ಕ್ಯಾಂಪಾ ನಿಧಿ ನೋಡಿ. ಗಣಿಗೋ ರಸ್ತೆಗೋ ಅಣೆಕಟ್ಟಿಗೋ ಅರಣ್ಯ ತಗೊಂಡವರು, ಅದರ ಬದಲಿಗೆ ಕಾಡು ಬೆಳೆಸಿ ಅಂತ ಕಟ್ಟುವ ದುಡ್ಡು ಇದು. ಲೆಕ್ಕದಲ್ಲಿ ಅನುದಾನವಲ್ಲ, ಪರಿಹಾರ. ಗೋದಾವರ್ಮನ್ ಪ್ರಕರಣದಲ್ಲಿ 2002ರಲ್ಲಿ ಸುಪ್ರೀಂ ಕೋರ್ಟು ಇದಕ್ಕೊಂದು ಪ್ರತ್ಯೇಕ ನಿಧಿ ಮಾಡಿ ಅಂದಿತು, 2016ರಲ್ಲಿ ಕಾಯ್ದೆ ಬಂತು, 2019ರ ಆಗಸ್ಟ್‌ನಲ್ಲಿ ಕೇಂದ್ರ ರಾಜ್ಯಗಳಿಗೆ ಹಂಚಿದ ಮೊತ್ತ 47,436 ಕೋಟಿ ರೂಪಾಯಿ. ಕರ್ನಾಟಕಕ್ಕೆ ಬಂದದ್ದು ಸುಮಾರು 1,350 ಕೋಟಿ.

ಈ ನಿಧಿಯ ಬಗ್ಗೆ ಉತ್ತರಾಖಂಡದ ಒಂದು ಸಿಎಜಿ ವರದಿ 2025ರ ಫೆಬ್ರವರಿಯಲ್ಲಿ ಅಲ್ಲಿನ ವಿಧಾನಸಭೆಗೆ ಬಂತು. ಕಾಡಿನ ದುಡ್ಡಲ್ಲಿ ಐಫೋನ್, ಲ್ಯಾಪ್‌ಟಾಪ್, ಫ್ರಿಜ್ಜು ತಗೊಂಡಿದ್ದಾರೆ ಅಂತ ಅದರಲ್ಲಿತ್ತು. ನಿಮಗೂ ನೆನಪಿರಬಹುದು, ಚಾನೆಲ್‌ಗಳೆಲ್ಲ ಐಫೋನ್ ಹಿಡಿದು ಕೂತವು. ಅದೇ ವರದಿಯಲ್ಲಿ ಇನ್ನೊಂದು ಸಂಗತಿ ಇತ್ತು: ನೆಟ್ಟ ಸಸಿಗಳಲ್ಲಿ ಬದುಕಿದ್ದು ಸುಮಾರು ಮೂರನೇ ಒಂದು ಭಾಗ. ಕನಿಷ್ಠ ಶೇ. 60ರಿಂದ 65 ಬದುಕಬೇಕಿತ್ತು. ಆ ಸಾಲಿಗೆ ಯಾರೂ ಬ್ರೇಕಿಂಗ್ ಹಾಕಲಿಲ್ಲ. ಐಫೋನ್ ಕದ್ದರೆ ಸುದ್ದಿ, ಸಸಿ ಒಣಗಿದರೆ ಹವಾಮಾನ.

ಹಾಗಾದರೆ ಬದುಕಿದ್ದಕ್ಕೆ ದುಡ್ಡು ಕೊಡೋ ಯೋಜನೆಯೇ ಇಲ್ಲವಾ? ಇದೆ. ನಮ್ಮ ರಾಜ್ಯದಲ್ಲೇ ಇದೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ. ರೈತರು ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿ ತಗೊಂಡು ಹೊಲದಲ್ಲಿ ನೆಡ್ತಾರೆ. ನೆಟ್ಟ ದಿನ ಒಂದು ಪೈಸೆ ಪ್ರೋತ್ಸಾಹಧನವೂ ಇಲ್ಲ. ಒಂದು ವರ್ಷ ಆದಮೇಲೆ ಬದುಕಿರೋ ಸಸಿ ಎಣಿಸ್ತಾರೆ, ಒಂದಕ್ಕೆ 35 ರೂಪಾಯಿ. ಎರಡನೇ ವರ್ಷ ಬದುಕಿದ್ದಕ್ಕೆ 40. ಮೂರನೇ ವರ್ಷ 50. ಒಟ್ಟು 125. ಪರಿಷ್ಕರಣೆಯಲ್ಲಿ ಈ ದರ ಹೀಗಾಗಿದೆ, ಮೊದಲು ಇನ್ನೂ ಕಡಿಮೆ ಇತ್ತು. ಇದರಲ್ಲಿ ಕೊರತೆ ಇಲ್ಲ ಅಂತಲ್ಲ. ಮಾರಾಟವಾಗೋ ಮರವನ್ನೇ ರೈತ ಆರಿಸ್ತಾನೆ, ಅದು ಅವನ ಹಕ್ಕು. ಸಿಲ್ವರ್ ಓಕ್ ಸಾಲು ನೆಟ್ಟರೆ ಕಾಡು ಆಗಲ್ಲ. ಆದರೆ ಎಣಿಕೆಯ ರೀತಿ ನೋಡಿ: ಸರ್ಕಾರ ಮೂರು ಸಲ ವಾಪಸ್ ಬಂದು "ಇದೆಯಾ?" ಅಂತ ಕೇಳುತ್ತೆ. ಅದು ತೇಲೋ ಚೆಂಡು.

ಶಾಲೆಗೂ ಇದೇ ಲೆಕ್ಕ ಯಾಕೆ ಹಾಕಬಾರದು? ಜೂನ್‌ನಲ್ಲಿ ಒಂದು ಪಾಲು, ಮುಂದಿನ ಜೂನ್‌ನಲ್ಲಿ ಬದುಕಿದ್ದನ್ನು ಎಣಿಸಿ ಇನ್ನೊಂದು ಪಾಲು, ಮೂರು ವರ್ಷ. ಮೊತ್ತ ಹೆಚ್ಚೂ ಬೇಕಿಲ್ಲ. ನಾನು ಭೇಟಿಯಾದ ಟೀಚರ್ ಮೇ ತಿಂಗಳಲ್ಲಿ ಶಾಲೆ ಪಕ್ಕದ ಮನೆಯ ಒಬ್ಬ ಹುಡುಗನಿಗೆ ನೀರು ಹಾಕೋ ಕೆಲಸ ವಹಿಸಿದ್ದರು. ಎರಡು ದಿನಕ್ಕೊಮ್ಮೆ ಒಂದೊಂದು ಗಿಡಕ್ಕೆ ಒಂದೊಂದು ಕೊಡ. ಅವನ ಕೈಗೆ ಕೊಟ್ಟದ್ದು ತಮ್ಮ ಸಂಬಳದಿಂದ. "ಕೊಡ ನೀರು ಹೊತ್ತಿದ್ದಕ್ಕೆ ವೋಚರ್ ಎಲ್ಲಿಂದ ತರೋದು ಸರ್?" ಅಂದರು. ಒಂಬತ್ತು ಗಿಡ ಉಳಿದದ್ದು ಆ ವೋಚರ್ ಇಲ್ಲದ ದುಡ್ಡಿನಿಂದ.

ಸಸಿ ಎಣಿಸಬಹುದು, ಕಲಿಕೆ ಎಣಿಸೋದು ಹೇಗೆ ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಇದಕ್ಕೆ ಬೆಂಗಳೂರಿನಿಂದ ನಡೆಯೋ ಸೀಸನ್‌ವಾಚ್ ಅನ್ನೋ ಯೋಜನೆ ಒಂದು ದಾರಿ ತೋರಿಸುತ್ತೆ. ಮಗು ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ನೋಡಬೇಕು. ಚಿಗುರಿದೆಯಾ, ಹೂ ಇದೆಯಾ, ಕಾಯಿ ಇದೆಯಾ, ಬರೆದಿಡಬೇಕು. ಇದನ್ನು ಅತಿ ಹೆಚ್ಚು ಹಚ್ಚಿಕೊಂಡಿದ್ದು ಕೇರಳದ ಶಾಲೆಗಳು. ಅಲ್ಲಿ ವಿಷು ಹಬ್ಬಕ್ಕೆ ಕಕ್ಕೆ ಹೂ ಬೇಕೇಬೇಕು, ಅದು ಏಪ್ರಿಲ್ ಮಧ್ಯದ ಹಬ್ಬ. ಮರ ಹಬ್ಬಕ್ಕೆ ಕಾಯದೆ ಎಷ್ಟೋ ಮೊದಲೇ ಹೂ ಬಿಡ್ತಿದೆ ಅನ್ನೋದು ಮಕ್ಕಳ ದಾಖಲೆಯಲ್ಲೇ ಸಿಕ್ಕಿತು. ಇದಕ್ಕೆ ಬೇಕಾದ ಸಾಮಾನು ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲ್. ಆ ನೋಟ್‌ಬುಕ್ಕಿನ ಐವತ್ತು ವಾರದ ಪುಟಗಳನ್ನು ಯುಸಿ ಜೊತೆ ಲಗತ್ತಿಸಿ ಅಂದರೆ, ಬ್ಯಾನರ್ ಹಿಡಿದ ಫೋಟೋ ತರ ಒಂದೇ ಮಧ್ಯಾಹ್ನದಲ್ಲಿ ತಯಾರಿಸೋಕೆ ಆಗಲ್ಲ.

ನಿಮ್ಮ ಮಕ್ಕಳು ಸರ್ಕಾರಿ ಶಾಲೆಯಲ್ಲಿದ್ದರೆ ಎಸ್‌ಡಿಎಂಸಿ ಸಭೆಗೆ ಹೋಗಿ. ಇಕೋ ಕ್ಲಬ್ಬಿಗೆ ಈ ವರ್ಷ ಎಷ್ಟು ಬಂತು, ಯಾವ ತಿಂಗಳಲ್ಲಿ ಬಂತು ಅಂತ ಕೇಳಿ. ತಿಂಗಳು ಕೇಳೋದು ಮರೀಬೇಡಿ, ಮೊತ್ತಕ್ಕಿಂತ ಅದೇ ಮುಖ್ಯ. ಟೀಚರ್ ಮೇಲೆ ಜೋರು ಮಾಡಬೇಡಿ, ಬಹಳ ಕಡೆ ಅವರ ಜೇಬಿಂದಲೇ ಹೋಗಿರುತ್ತೆ. ಮೇಲಿನವರಿಗೆ ಕೇಳೋದಾದರೆ ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಇದೆ.

ಕಳೆದ ಜೂನ್ 5ರ ಫುಟೇಜ್ ನಮ್ಮ ಲೈಬ್ರರಿಯಲ್ಲೇ ಇದೆ. ಯಾವ ಊರು, ಯಾವ ಮೈದಾನ, ಯಾರು ನೆಟ್ಟದ್ದು, ಎಲ್ಲ ಟ್ಯಾಗ್ ಆಗಿದೆ. ಪಟ್ಟಿ ತೆಗೆದು ಜಿಲ್ಲೆಯ ವರದಿಗಾರರಿಗೆ ಕಳಿಸಿ ಅಂತ ಡೆಸ್ಕ್‌ಗೆ ಹೇಳಿದ್ದೇನೆ. ಮಾರ್ಚ್ ಕೊನೇ ವಾರ, ಅದೇ ಗುಂಡಿಗಳ ಹತ್ತಿರ.