ಮಳೆಗಾಲಕ್ಕೆ ಬೋಟು ದಡಕ್ಕೆ: ಕ್ರೇನ್ ಕರೆಸೋ ಮುಂಚೆ ಇಷ್ಟು ಗೊತ್ತಿರಲಿ

ಮಲ್ಪೆ: ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಕಡಲು ಕೆರಳೋ ಈ ಹೊತ್ತಿಗೆ ಪ್ರವಾಸಿಗರನ್ನು ಸುತ್ತಾಡಿಸುವ ಸ್ಪೀಡ್ ಬೋಟುಗಳೂ ದಡ ಸೇರುತ್ತವೆ. ಕ್ರೇನ್‌ನಲ್ಲಿ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸೋದು ನೋಡೋಕೆ ಸುಲಭ. ಆದ್ರೆ ಬೆಲ್ಟ್ ಜಾರಿದ್ರೆ ಕೆಳಗಿದ್ದವರ ಜೀವಕ್ಕೇ ಅಪಾಯ. ಬೋಟು ತಪ್ಪಾಗಿ ಕೂತ್ರೆ ಅವತ್ತು ಗೊತ್ತಾಗಲ್ಲ, ತಳ ಬಿರುಕು ಬಿಟ್ಟಿದ್ದು ಸೀಸನ್ ಶುರುವಾದಾಗಲೇ ಕಾಣೋದು.

ಮೊದಲು ತೂಕ

ಕಂಪನಿ ಪುಸ್ತಕದಲ್ಲಿ ಸಾಮಾನ್ಯವಾಗಿ ಇರೋದು ಖಾಲಿ ಬೋಟಿನ ತೂಕ. ಎಂಜಿನ್, ಇಂಧನ, ಬ್ಯಾಟರಿ, ಲಂಗರು ಎಲ್ಲಾ ಸೇರಿಸಿ ಲೆಕ್ಕ ಹಾಕಬೇಕು. ತಳದಲ್ಲಿ 200 ಲೀಟರ್ ನೀರು ನಿಂತಿದ್ರೆ 200 ಕೆಜಿ ಹೆಚ್ಚು. ಬೋಟು ಚೂರು ವಾಲಿದ್ರೂ ಆ ನೀರು ಒಂದೇ ಕಡೆ ಓಡಿ ಇನ್ನಷ್ಟು ವಾಲಿಸುತ್ತೆ. ಹಾಗಾಗಿ ಪಂಪ್ ಮಾಡಿ ಖಾಲಿ ಮಾಡಿಯೇ ಎತ್ತಬೇಕು.

10 ಟನ್ ಕ್ರೇನ್ ಅಂದ ಮಾತ್ರಕ್ಕೆ ಎಲ್ಲಾ ಕಡೆ 10 ಟನ್ ಎತ್ತಲ್ಲ. ಬೂಮ್ ಚಾಚಿದಷ್ಟೂ ಶಕ್ತಿ ಕಡಿಮೆ. ಮರಳಿದ್ದಲ್ಲಿ ಕ್ರೇನ್ ಕಾಲುಗಳ ಅಡಿಗೆ ದಪ್ಪ ಹಲಗೆ ಹಾಕಬೇಕು. ಮೇಲೆ ಕರೆಂಟ್ ತಂತಿ ಇದ್ರೆ ಆ ಜಾಗವೇ ಬೇಡ.

ಬೆಲ್ಟ್ ನೋಡಿ

ಫೈಬರ್ ಬೋಟಿಗೆ ಸರಪಳಿ ಬೇಡ, ಅಗಲದ ಪಾಲಿಯೆಸ್ಟರ್ ಬೆಲ್ಟೇ ಸರಿ. ಸಾಮಾನ್ಯವಾಗಿ ನೇರಳೆ ಬಣ್ಣದ್ದು 1 ಟನ್, ಹಸಿರು 2, ಹಳದಿ 3. ಲೇಬಲ್ ಕಿತ್ತುಹೋಗಿದ್ರೆ, ಹೊಲಿಗೆ ಬಿಟ್ಟಿದ್ರೆ ಪಕ್ಕಕ್ಕಿಡಿ. ಪ್ರೊಪೆಲ್ಲರ್ ಶಾಫ್ಟ್, ರಡ್ಡರ್ ಮೇಲೆ ಬೆಲ್ಟ್ ಬರಬಾರದು. ಮುಂದಿನ, ಹಿಂದಿನ ಬೆಲ್ಟ್ ಜಾರದಂತೆ ಒಂದಕ್ಕೊಂದು ಹಗ್ಗದಲ್ಲಿ ಬಿಗಿಯಬೇಕು.

ಕೊಕ್ಕೆಯಿಂದ ಬೆಲ್ಟ್ ಹರಡಿಕೊಂಡಷ್ಟೂ ಎಳೆತ ಜಾಸ್ತಿ. ಅಡ್ಡಗೆರೆಗೆ 30 ಡಿಗ್ರಿಗೆ ಬಂದ್ರೆ, ನೇರ ಎತ್ತುವುದಕ್ಕಿಂತ ಎರಡು ಪಟ್ಟು. ಬೋಟಿನ ಪಕ್ಕೆಯನ್ನೂ ಅದು ಹಿಂಡುತ್ತೆ. ನಡುವೆ ಸ್ಪ್ರೆಡರ್ ಬಾರ್ ಹಾಕಿದ್ರೆ ಎರಡೂ ತಪ್ಪುತ್ತೆ.

ಅರ್ಧ ಅಡಿ ಎತ್ತಿ, ನಿಲ್ಲಿಸಿ

ಬೋಟಿನೊಳಗೆ ಯಾರೂ ಇರಬಾರದು. ನೀರಿನಿಂದ ಅರ್ಧ ಅಡಿ ಮೇಲೆತ್ತಿ ನಿಲ್ಲಿಸಿ ನೋಡಿ. ಎಂಜಿನ್ ಭಾರಕ್ಕೆ ಹಿಂಭಾಗ ಜಗ್ಗಿದ್ರೆ ಇಳಿಸಿ, ಬೆಲ್ಟ್ ಸರಿಸಿ ಮತ್ತೆ ಎತ್ತಿ. ತಿರುಗದಂತೆ ಹಿಂದೆ-ಮುಂದೆ ಉದ್ದ ಹಗ್ಗ ಕಟ್ಟಿ ದೂರದಿಂದಲೇ ಹಿಡಿಯಬೇಕು. ಕ್ರೇನ್ ಚಾಲಕನಿಗೆ ಸನ್ನೆ ಮಾಡೋದು ಒಬ್ಬರೇ. ಆದ್ರೆ "ನಿಲ್ಲಿಸಿ" ಅನ್ನೋ ಅಧಿಕಾರ ಎಲ್ಲರಿಗೂ ಇದೆ. ಕೈ ಕೊಟ್ಟು ತಳ್ಳೋಕೆ ಅಂತ ಕೆಳಗೆ ನುಗ್ಗೋದೇ ದೊಡ್ಡ ತಪ್ಪು.

ಭಾರ ಕೀಲ್ ಮೇಲೆ

ಸ್ಟ್ಯಾಂಡಿನಲ್ಲಿ ಭಾರ ಹೊರಬೇಕಾದ್ದು ಬೋಟಿನ ಬೆನ್ನೆಲುಬಾದ ಕೀಲ್. ಪಕ್ಕದ ಪ್ಯಾಡುಗಳು ವಾಲದಂತೆ ಆಸರೆ ಅಷ್ಟೇ. ಭಾರ ಪ್ಯಾಡಿನ ಮೇಲೆ ಬಿದ್ರೆ ಆ ಜಾಗ ಒಳಕ್ಕೆ ಕುಸಿಯುತ್ತೆ. ಬೆಲ್ಟ್ ಪೂರ್ತಿ ಸಡಿಲ ಬಿಡೋ ಮೊದಲು ಎಲ್ಲಾ ಆಸರೆ ತಾಗಿದೆಯಾ ನೋಡಬೇಕು.

ಮುಂಭಾಗ ಸ್ವಲ್ಪ ಎತ್ತರ ಇರಲಿ, ತಳದ ಡ್ರೈನ್ ಪ್ಲಗ್ ತೆಗೆದಿಡಿ. ಇಲ್ಲದಿದ್ರೆ ಕರಾವಳಿ ಮಳೆಗೆ ಬೋಟೇ ಟ್ಯಾಂಕ್ ಆಗಿ ಸ್ಟ್ಯಾಂಡ್ ಮುರಿಯಬಹುದು. ಟಾರ್ಪಲಿನ್ ಹಗ್ಗವನ್ನು ಸ್ಟ್ಯಾಂಡಿನ ಕಾಲಿಗೆ ಕಟ್ಟಬೇಡಿ, ಗಾಳಿಗೆ ಕಾಲೇ ಕಿತ್ತುಬರುತ್ತೆ.

ತೆಗೆದ ಪ್ಲಗ್ಗನ್ನು ಎಂಜಿನ್ ಕೀ ಜೊತೆಗೇ ಕಟ್ಟಿಡಿ. ಮಳೆಗಾಲ ಮುಗಿದು ಬೋಟು ಇಳಿಸೋ ದಿನ ಮರೆತು ಹೋಗಲ್ಲ.