ಪುಟ್ಟ ಚಿತ್ರವನ್ನು ಒತ್ತಿದರೆ ದೊಡ್ಡದು ಕಾಣಲಿ: ಪಾಪ್-ಅಪ್ ಇಲ್ಲದೆ ಸರಕನ್ನು ತೋರಿಸುವ ಬಗೆ

ಅಂಗಡಿಗೆ ಬಂದ ಗಿರಾಕಿಗಳು ಕಪಾಟಿನಲ್ಲಿ ಮಡಿಚಿಟ್ಟ ಇಳಕಲ್ ಸೀರೆಯನ್ನು ದೂರದಿಂದಲೇ ನೋಡಿ ಕೊಳ್ಳುವುದಿಲ್ಲ. ಬಣ್ಣ ಒಪ್ಪಿದೊಡನೆ ಅದನ್ನು ಕೆಳಗಿಳಿಸಿ, ಮಡಿಕೆ ಬಿಚ್ಚಿಸಿ, ಸೆರಗನ್ನು ಕೈಯ ಮೇಲೆ ಹರವಿಕೊಂಡು ದಡಿಯನ್ನು ಬೆರಳಿನಿಂದ ಸವರಿ ನೋಡುತ್ತಾರೆ. ಜಾಲತಾಣದಲ್ಲಿ ಕಪಾಟಿನ ಕೆಲಸವನ್ನು ನಿರ್ವಹಿಸುವುದು ಸಾಲಾಗಿ ಜೋಡಿಸಿದ ಪುಟ್ಟ ಚಿತ್ರಗಳು. ಹೆಬ್ಬೆರಳಿನ ಉಗುರಿನಷ್ಟು ಚಿಕ್ಕವೆಂಬ ಅರ್ಥದಲ್ಲಿ ಇವನ್ನು ಥಂಬ್‌ನೇಲ್ ಎಂದು ಕರೆಯುತ್ತಾರೆ. ಸೆರಗು ಬಿಚ್ಚಿ ತೋರಿಸುವ ಕೆಲಸ ಅವನ್ನು ಒತ್ತಿದಾಗ ತೆರೆದುಕೊಳ್ಳುವ ದೊಡ್ಡ ಚಿತ್ರದ್ದು. ಈ ಎರಡನೆಯ ಹಂತದಲ್ಲಿಯೇ ಅನೇಕ ಸಣ್ಣ ಉದ್ದಿಮೆಗಳ ಜಾಲತಾಣಗಳು ಗಿರಾಕಿಯನ್ನು ಕೈಬಿಡುತ್ತವೆ; ಮಾಲೀಕರಿಗೆ ಅದರ ಸುಳಿವೂ ಸಿಗುವುದಿಲ್ಲ.

ಈ ಮಾತನ್ನು ಸ್ವಂತ ಅನುಭವದಿಂದಲೇ ಬರೆಯುತ್ತಿದ್ದೇನೆ. 2021ರ ದಸರೆಗೆ ಕೆಲವು ವಾರಗಳ ಮುನ್ನ ಹುಬ್ಬಳ್ಳಿಯ ಸೀರೆ ವ್ಯಾಪಾರಿಯೊಬ್ಬರು ನಮ್ಮ ಮಳಿಗೆಗೆ ದೂರವಾಣಿ ಮಾಡಿದರು. "ಫೋಟೋ ಒತ್ತಿದ್ರ ಏನೂ ಬರವಲ್ದ್ರೀ. ಸೆರಗ ನೋಡದ ಹೆಂಗ್ ತಗೊಳ್ಳೂದು?" ಎಂದರು. ನಮ್ಮ ಗಣಕಯಂತ್ರದಲ್ಲಿ ಒತ್ತಿ ನೋಡಿದೆ. ಚಿತ್ರ ಚೆನ್ನಾಗಿಯೇ ತೆರೆಯಿತು. ಮತ್ತೊಮ್ಮೆ ಪ್ರಯತ್ನಿಸಲು ಕೋರಿದೆ. ಮೂರನೆಯ ಸಲ ಅವರು "ಇರ್ಲಿ ಬಿಡ್ರೀ" ಎಂದು ದೂರವಾಣಿ ಇಟ್ಟರು. ಆ ಹಬ್ಬದ ಸರಕನ್ನು ಅವರು ಬೇರೆಡೆ ಖರೀದಿಸಿದರೆಂದು ಆಮೇಲೆ ತಿಳಿಯಿತು. ಜಾಲತಾಣವನ್ನು ಸಿದ್ಧಪಡಿಸಿಕೊಟ್ಟವರನ್ನು ವಿಚಾರಿಸಿದರೆ, ಅವರದೂ ಒಂದೇ ಉತ್ತರ: ನಮ್ಮ ಕಛೇರಿಯಲ್ಲಿ ಸರಿಯಾಗಿ ತೆರೆಯುತ್ತಿದೆ.

ಇಬ್ಬರ ಮಾತೂ ನಿಜವಾಗಿತ್ತು. ಅದು ಹೇಗೆಂಬುದನ್ನು ಅರಿಯಲು ಪಾಪ್-ಅಪ್ ಕಿಟಕಿಯ ಪೂರ್ವೋತ್ತರವನ್ನು ತುಸು ನೋಡಬೇಕಾಗುತ್ತದೆ.

ನೋಡುತ್ತಿರುವ ಪುಟದ ಮೇಲೆ ಮತ್ತೊಂದು ಚಿಕ್ಕ ಬ್ರೌಸರ್ ಕಿಟಕಿಯನ್ನು ತೆರೆಯುವುದೇ ಪಾಪ್-ಅಪ್. ಇದನ್ನು ಜಾಹೀರಾತಿಗೆ ಮೊದಲು ಬಳಸಿದವರಲ್ಲಿ ಅಮೆರಿಕದ ಟ್ರೈಪಾಡ್ ಜಾಲತಾಣ ಒಂದು. ಆಕ್ಷೇಪಾರ್ಹ ಪುಟದ ಮೇಲೆ ತನ್ನ ಜಾಹೀರಾತು ಕಾಣಿಸಿಕೊಂಡಿತೆಂದು ಜಾಹೀರಾತುದಾರರೊಬ್ಬರು ಸಿಟ್ಟಾದಾಗ, ಜಾಹೀರಾತನ್ನು ಪುಟದಿಂದ ಬೇರ್ಪಡಿಸಿ ಪ್ರತ್ಯೇಕ ಕಿಟಕಿಯಲ್ಲಿ ತೋರಿಸುವ ಉಪಾಯವನ್ನು ಅಲ್ಲಿ ಹೂಡಲಾಯಿತು. ಅದರ ಸಂಕೇತಗಳನ್ನು ಬರೆದ ಈಥನ್ ಝುಕರ್‌ಮನ್ ಅವರು 2014ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಅಷ್ಟರಲ್ಲಿ ಜನರು ಬೇಸತ್ತು ಬಹಳ ಕಾಲವಾಗಿತ್ತು. 2004ರ ಆಗಸ್ಟ್‌ನಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೆಯ ಸರ್ವೀಸ್ ಪ್ಯಾಕ್‌ನೊಂದಿಗೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್‌ನಲ್ಲಿಯೂ ಪಾಪ್-ಅಪ್ ತಡೆ ಬಂದಿತು. ಒಪೆರಾ, ಮೊಝಿಲ್ಲಾ ಬ್ರೌಸರುಗಳಲ್ಲಿ ಅದು ಮೊದಲೇ ಇತ್ತು. ಇಂದು ಈ ತಡೆಯಿಲ್ಲದ ಪ್ರಮುಖ ಬ್ರೌಸರ್ ಯಾವುದೂ ಇಲ್ಲ.

ಆದರೆ ಈ ತಡೆ ಎಲ್ಲ ಕಿಟಕಿಗಳಿಗೂ ಅನ್ವಯಿಸುವುದಿಲ್ಲ. ಬಳಕೆದಾರನು ತಾನಾಗಿ ಒತ್ತಿದ್ದಕ್ಕೆ ಉತ್ತರವಾಗಿ ತೆರೆಯುವ ಕಿಟಕಿಯನ್ನು ಬ್ರೌಸರ್ ಸಾಮಾನ್ಯವಾಗಿ ಬಿಟ್ಟುಕೊಡುತ್ತದೆ. ಒತ್ತಿದ ಬಳಿಕ ಈ ಅನುಮತಿ ಚಾಲ್ತಿಯಲ್ಲಿರುವುದು ಕೆಲವೇ ಸೆಕೆಂಡುಗಳ ಕಾಲ. ಅದು ಮೀರಿದರೆ, ಕಿಟಕಿಯು ಯಾರೂ ಕೇಳದೆ ಬಂದ ಜಾಹೀರಾತೆಂದೇ ಪರಿಗಣಿತವಾಗುತ್ತದೆ. ನಮ್ಮ ಜಾಲತಾಣದಲ್ಲಿ ಮೊದಲು ದೊಡ್ಡ ಚಿತ್ರವನ್ನು ಪೂರ್ತಿಯಾಗಿ ತರಿಸಿಕೊಂಡು, ಅದರ ಅಳತೆಯನ್ನು ತಿಳಿದು, ಆ ಬಳಿಕ ಅಷ್ಟೇ ಅಗಲದ ಕಿಟಕಿಯನ್ನು ತೆರೆಯುವಂತೆ ಬರೆಯಲಾಗಿತ್ತು. ವೇಗದ ಸಂಪರ್ಕವಿದ್ದ ನಮ್ಮಲ್ಲಿ ಚಿತ್ರ ಕ್ಷಣದಲ್ಲಿ ಬರುತ್ತಿತ್ತು, ಕಿಟಕಿ ತೆರೆಯುತ್ತಿತ್ತು. ಮಂದ ಸಂಪರ್ಕವಿದ್ದ ಗಿರಾಕಿಯ ಕಡೆ ಚಿತ್ರ ಬರುವುದರೊಳಗೆ ಗಡುವು ಮುಗಿದು ತಡೆ ಬೀಳುತ್ತಿತ್ತು. ಅತ್ಯಂತ ತಾಳ್ಮೆಯಿಂದ ಕಾಯುತ್ತಿದ್ದ ಗಿರಾಕಿಗೇ ಚಿತ್ರ ಕಾಣದಂತೆ ನಾವೇ ಏರ್ಪಾಡು ಮಾಡಿದಂತಾಗಿತ್ತು.

ತಡೆ ಬೀಳದಿದ್ದರೂ ಪ್ರತ್ಯೇಕ ಕಿಟಕಿಯಿಂದ ತೊಂದರೆ ತಪ್ಪದು. ಮೊಬೈಲ್ ಫೋನಿನಲ್ಲಿ ಅದು ಚಿಕ್ಕ ಕಿಟಕಿಯಾಗಿ ತೆರೆಯದೆ ಪೂರ್ಣ ಪರದೆಯ ಹೊಸ ಟ್ಯಾಬ್ ಆಗುತ್ತದೆ. ಗಿರಾಕಿಗೆ ತಾನು ಎಲ್ಲಿಂದ ಬಂದೆನೆಂಬುದೇ ಮರೆಯುತ್ತದೆ; ಬೆಲೆ, ಬೇಡಿಕೆ ಸಲ್ಲಿಸುವ ಗುಂಡಿ ಎಲ್ಲವೂ ಹಿಂದಿನ ಪುಟದಲ್ಲಿ ಉಳಿಯುತ್ತವೆ.

ಅದೇ ಪುಟದಲ್ಲಿ ತೋರಿಸುವ ದಾರಿಗಳು

ಎಲ್ಲಕ್ಕಿಂತ ಹಳೆಯ ಹಾಗೂ ಎಂದೂ ಕೆಡದ ದಾರಿಯೆಂದರೆ, ಪುಟ್ಟ ಚಿತ್ರವನ್ನು ದೊಡ್ಡ ಚಿತ್ರದ ಕಡತಕ್ಕೆ ನೇರವಾದ ಕೊಂಡಿಯನ್ನಾಗಿ ಮಾಡುವುದು. (ಜಾಲದ ಕೊಂಡಿಗೂ ಇಳಕಲ್ ಸೀರೆಯಲ್ಲಿ ಒಡಲನ್ನು ಸೆರಗಿಗೆ ಜೋಡಿಸುವ ಕೊಂಡಿಗೂ ಕನ್ನಡದಲ್ಲಿ ಹೆಸರೊಂದೇ ಆಗಿರುವುದು ನಮ್ಮಂಥ ವ್ಯಾಪಾರಿಗಳಿಗೆ ಸಂತೋಷದ ಸಂಗತಿ.) ಒತ್ತಿದರೆ ಅದೇ ಕಿಟಕಿಯಲ್ಲಿ ಚಿತ್ರ ತೆರೆಯುತ್ತದೆ, ಹಿಂದಿನ ಗುಂಡಿಯನ್ನು ಒತ್ತಿದರೆ ಪಟ್ಟಿಗೆ ಮರಳಬಹುದು. ಇದಕ್ಕೆ ಜಾವಾಸ್ಕ್ರಿಪ್ಟ್‌ನ ಅಗತ್ಯವೇ ಇಲ್ಲ. ಚಿತ್ರವೊಂದೇ ಬರಿದಾಗಿ ನಿಲ್ಲುವುದು ಇದರ ಕೊರತೆ. ಆದುದರಿಂದ ಪ್ರತಿ ಸರಕಿಗೂ ಒಂದು ಪುಟವನ್ನು ಮೀಸಲಿಟ್ಟು, ಅದರಲ್ಲಿ ದೊಡ್ಡ ಚಿತ್ರ, ಬೆಲೆ, ವಿವರಗಳನ್ನು ಒಟ್ಟಿಗೆ ಕೊಡುವುದು ಮೇಲು. ಇಪ್ಪತ್ತು ಮೂವತ್ತು ಬಗೆಯ ಸರಕುಳ್ಳ ಸಣ್ಣ ತಯಾರಕರಿಗೆ ಇದಕ್ಕಿಂತ ಹೆಚ್ಚಿನದೇನೂ ಬೇಡವೆಂಬುದು ನನ್ನ ಅಭಿಪ್ರಾಯ.

ಒಂದೇ ಸರಕಿನ ನಾಲ್ಕೈದು ನೋಟಗಳನ್ನು ತೋರಿಸಬೇಕಾದಲ್ಲಿ, ಮೇಲೆ ಒಂದು ದೊಡ್ಡ ಚೌಕಟ್ಟು, ಕೆಳಗೆ ಪುಟ್ಟ ಚಿತ್ರಗಳ ಸಾಲು ಇಟ್ಟು, ಒತ್ತಿದ್ದು ಮೇಲಿನ ಚೌಕಟ್ಟಿಗೆ ಬರುವಂತೆ ಮಾಡಬಹುದು. ಯಂತ್ರದ ಬಿಡಿಭಾಗಗಳಿಗೆ ಇದು ಹೇಳಿಮಾಡಿಸಿದಂತಿದೆ. ಮೌಸ್ ಬಾಣವನ್ನು ಚಿತ್ರದ ಮೇಲೆ ಒಯ್ದರೆ ಸಾಕು, ತಾನೇ ಹಿಗ್ಗುವ ವ್ಯವಸ್ಥೆಯನ್ನೂ ಕೆಲವರು ಸೂಚಿಸುತ್ತಾರೆ. ಬೆರಳಿನಿಂದ ಮುಟ್ಟುವ ಫೋನಿನಲ್ಲಿ ಅಂತಹ ಬಾಣವೇ ಇಲ್ಲವಾದ್ದರಿಂದ ಅದನ್ನೊಂದನ್ನೇ ನೆಚ್ಚಬಾರದು.

ಮೂರನೆಯದು ಇಂದು ಎಲ್ಲೆಡೆ ಕಾಣುವ ಮೇಲ್ಪದರದ ವಿಧಾನ. ಪುಟ್ಟ ಚಿತ್ರವನ್ನು ಒತ್ತಿದೊಡನೆ ಪುಟ ಮಬ್ಬಾಗಿ, ನಡುವೆ ದೊಡ್ಡ ಚಿತ್ರ ಮೂಡುತ್ತದೆ. ಇದು ಹೊಸ ಕಿಟಕಿಯಲ್ಲ, ಅದೇ ಪುಟದ ಒಂದು ಭಾಗ. ಆದುದರಿಂದ ಪಾಪ್-ಅಪ್ ತಡೆ ಇದನ್ನು ಮುಟ್ಟುವುದಿಲ್ಲ. ಲೋಕೇಶ್ ಧಾಕರ್ ಎಂಬವರು 2005ರಲ್ಲಿ ರಚಿಸಿ ಉಚಿತವಾಗಿ ಹಂಚಿದ ಲೈಟ್‌ಬಾಕ್ಸ್ ಎಂಬ ಚಿಕ್ಕ ತಂತ್ರಾಂಶದಿಂದ ಈ ವಿಧಾನ ಜನಪ್ರಿಯವಾಯಿತು. ಛಾಯಾಗ್ರಾಹಕರು ಫಿಲ್ಮನ್ನು ಇಟ್ಟು ನೋಡುತ್ತಿದ್ದ ಬೆಳಕಿನ ಪೆಟ್ಟಿಗೆಗೂ ಇದೇ ಹೆಸರು. ಪುಟ್ಟ ಚಿತ್ರಕ್ಕೆ ಮೇಲೆ ಹೇಳಿದ ನೇರ ಕೊಂಡಿಯನ್ನೇ ಇಟ್ಟು, ತಂತ್ರಾಂಶವು ಅದರ ಮೇಲೆ ಕೆಲಸ ಮಾಡುವುದು ಇದರ ಜಾಣ್ಮೆ. ತಂತ್ರಾಂಶ ಬಾರದೆ ಹೋದರೂ ಕೊಂಡಿ ಉಳಿದಿರುತ್ತದೆ, ಚಿತ್ರ ಹೇಗೂ ತೆರೆಯುತ್ತದೆ. ಯಾವ ತಂತ್ರಾಂಶವನ್ನು ಬಳಸಿದರೂ ಈ ಗುಣ ಇರಬೇಕೆಂದು ನಿರ್ಮಾಪಕರಿಗೆ ಸ್ಪಷ್ಟವಾಗಿ ತಿಳಿಸತಕ್ಕದ್ದು.

ಈಗ ಎಚ್‌ಟಿಎಂಎಲ್ ಭಾಷೆಯಲ್ಲಿಯೇ ಡಯಲಾಗ್ ಎಂಬ ಅಂಗವಿದೆ. ಕ್ರೋಮ್‌ನಲ್ಲಿ 2014ರಿಂದಲೂ, ಫೈರ್‌ಫಾಕ್ಸ್ ಮತ್ತು ಸಫಾರಿಗಳಲ್ಲಿ 2022ರ ಮಾರ್ಚ್‌ನಿಂದಲೂ ಇದು ಲಭ್ಯ. ಹೊರಗಿನ ತಂತ್ರಾಂಶವಿಲ್ಲದೆ ಕೆಲವೇ ಸಾಲುಗಳಲ್ಲಿ ಮೇಲ್ಪದರ ಸಿದ್ಧವಾಗುತ್ತದೆ; ಎಸ್ಕೇಪ್ ಕೀಲಿಯಿಂದ ಮುಚ್ಚುತ್ತದೆ; ತೆರೆದಿರುವಾಗ ಹಿಂದಿನ ಪುಟದ ಗುಂಡಿಗಳು ಕೆಲಸ ಮಾಡದಂತೆ ಬ್ರೌಸರೇ ನೋಡಿಕೊಳ್ಳುತ್ತದೆ.

ಮೇಲ್ಪದರದಲ್ಲಿ ಎಲ್ಲರೂ ಎಡವುವುದು ಹಿಂದಿನ ಗುಂಡಿಯಲ್ಲಿ. ಫೋನಿನಲ್ಲಿ ಚಿತ್ರವನ್ನು ಮುಚ್ಚಲು ಜನ ಮೂಲೆಯ ಪುಟ್ಟ ಗುಣಾಕಾರ ಚಿಹ್ನೆಯನ್ನು ಹುಡುಕುವುದಿಲ್ಲ, ರೂಢಿಯಂತೆ ಹಿಂದಕ್ಕೆ ಒತ್ತುತ್ತಾರೆ. ಮೇಲ್ಪದರಕ್ಕೆ ಪ್ರತ್ಯೇಕ ವಿಳಾಸವಿಲ್ಲದಿದ್ದರೆ ಅವರು ಚಿತ್ರದೊಂದಿಗೆ ಜಾಲತಾಣದಿಂದಲೇ ಹೊರಬೀಳಬಹುದು. ದೊಡ್ಡ ಚಿತ್ರ ತೆರೆದಾಗ ವಿಳಾಸದ ಕೊನೆಯಲ್ಲಿ ಆ ಚಿತ್ರದ ಗುರುತು ಸೇರುವಂತೆಯೂ, ಹಿಂದಕ್ಕೆ ಒತ್ತಿದರೆ ಚಿತ್ರ ಮಾತ್ರ ಮುಚ್ಚುವಂತೆಯೂ ಮಾಡಿಸಬೇಕು. ಎರಡು ಬೆರಳಿನಿಂದ ಹಿಗ್ಗಿಸಿ ನೋಡುವುದನ್ನು ಮಾತ್ರ ಯಾವ ಕಾರಣಕ್ಕೂ ತಡೆಯಕೂಡದು.

ಚಿತ್ರಗಳ ಸಿದ್ಧತೆ

ವಿಧಾನ ಯಾವುದಾದರೂ ಸರಿ, ಚಿತ್ರಗಳೇ ಸರಿಯಿಲ್ಲದಿದ್ದರೆ ಫಲವಿಲ್ಲ. ನಮ್ಮಲ್ಲಿ ವ್ಯಾಪಕವಾಗಿರುವ ತಪ್ಪೆಂದರೆ, ಕ್ಯಾಮೆರಾದಿಂದ ಬಂದ ಮೂಲ ಚಿತ್ರವನ್ನೇ ಪುಟಕ್ಕೆ ಹಾಕಿ, ಕಾಣುವ ಅಳತೆಯನ್ನು ಮಾತ್ರ ಕಿರಿದುಗೊಳಿಸುವುದು. ಕಣ್ಣಿಗೆ ಅದು ಪುಟ್ಟದಾಗಿ ಕಂಡರೂ ಗಿರಾಕಿಯ ಫೋನಿಗೆ ಇಳಿಯುವುದು ಇಡೀ ಕಡತವೇ. 4000ಕ್ಕೆ 3000 ಪಿಕ್ಸೆಲ್ ಅಳತೆಯ ಚಿತ್ರದಲ್ಲಿ 1 ಕೋಟಿ 20 ಲಕ್ಷ ಚುಕ್ಕೆಗಳಿರುತ್ತವೆ. ಅದನ್ನು 200ಕ್ಕೆ 150ರ ಅಳತೆಯಲ್ಲಿ ತೋರಿಸಿದರೆ ಬೇಕಾಗುವುದು 30,000 ಮಾತ್ರ. ಅಂದರೆ ಅಗತ್ಯದ 400 ಪಟ್ಟು. ಒಂದೊಂದು ಕಡತ 4 ಎಂಬಿ ಇದ್ದರೆ, 40 ಸೀರೆಗಳ ಪಟ್ಟಿ ತೆರೆಯಲು 160 ಎಂಬಿ ಖರ್ಚಾಗುತ್ತದೆ. ಪುಟ್ಟ ಚಿತ್ರಗಳನ್ನು ತಲಾ 15 ಕೆಬಿಯಂತೆ ಪ್ರತ್ಯೇಕವಾಗಿ ತಯಾರಿಸಿದರೆ ಅದೇ ಪಟ್ಟಿ 600 ಕೆಬಿಯಲ್ಲಿ ಮುಗಿಯುತ್ತದೆ. ಆದ್ದರಿಂದ ಪ್ರತಿ ಸರಕಿಗೂ ಎರಡು ಕಡತಗಳು ಇರಲೇಬೇಕು. ದೊಡ್ಡದಕ್ಕೆ 1600 ಪಿಕ್ಸೆಲ್ ಅಗಲ ಸಾಮಾನ್ಯವಾಗಿ ಸಾಕು. ನೇಯ್ಗೆಯ ಎಳೆ ಕಾಣಬೇಕಾದ ಸಮೀಪದ ಚಿತ್ರವನ್ನು 2000ದವರೆಗೂ ಇಡಬಹುದು. ಇಂದಿನ ಫೋನಿನ ಪರದೆಗಳಲ್ಲಿ ಚುಕ್ಕೆಗಳು ದಟ್ಟವಾಗಿರುವುದರಿಂದ, ಪುಟ್ಟ ಚಿತ್ರವನ್ನೂ ಕಾಣುವ ಅಳತೆಯ ಎರಡರಷ್ಟು ಮಾಡಿಟ್ಟರೆ ಮಸುಕಾಗದು. ತೂಕ ತುಸು ಏರುತ್ತದೆ, ಅಷ್ಟೇ. ಜೆಪೆಗ್ ಬದಲಿಗೆ ವೆಬ್‌ಪಿ ರೂಪದಲ್ಲಿ ಉಳಿಸಿದರೆ ಸಾಮಾನ್ಯವಾಗಿ ಕಡತ ಇನ್ನೂ ಹಗುರವಾಗುತ್ತದೆ.

ಎರಡು ಚಿತ್ರಗಳಲ್ಲಿ ತೋರಿಸಬೇಕಾದುದೂ ಒಂದೇ ಅಲ್ಲ. ಇಡೀ ಸೀರೆಯನ್ನು ಉಗುರಿನಷ್ಟಕ್ಕೆ ಕುಗ್ಗಿಸಿದರೆ ಕೆಂಪು ಪಟ್ಟಿಯೊಂದು ಕಾಣುತ್ತದೆಯೇ ಹೊರತು ಯಾವ ಸೀರೆಯೆಂದು ತಿಳಿಯದು. ಪುಟ್ಟ ಚಿತ್ರಕ್ಕೆ ಒಡಲು, ದಡಿ, ಸೆರಗು ಮೂರೂ ಕೂಡುವ ಮೂಲೆಯನ್ನು ಕತ್ತರಿಸಿ ತೆಗೆದುಕೊಳ್ಳಬೇಕು. ದೊಡ್ಡ ಚಿತ್ರಗಳಲ್ಲಿ ಪೂರ್ಣ ಸೆರಗು ಒಂದು, ಟೋಪ್ ತೆನಿಯ ಸಮೀಪ ನೋಟ ಒಂದು, ಕೊಂಡಿಯ ಸಾಲು ಕಾಣುವ ಹಿಂಬದಿ ಒಂದು ಇರಲಿ. ಬಲ್ಲ ವ್ಯಾಪಾರಿಗಳು ನೋಡುವುದು ಆ ಕೊಂಡಿಯ ಸಾಲನ್ನೇ. ಬೀದರಿನ ಬಿದರಿ ಪಾತ್ರೆಯಾದರೆ ಕಪ್ಪು ಮೈಮೇಲಿನ ಬೆಳ್ಳಿಯ ಗೆರೆ ಬೆಳಕಿನ ಪ್ರತಿಫಲನದಲ್ಲಿ ಮರೆಯಾಗದಂತೆ ಓರೆಬೆಳಕಿನಲ್ಲಿ ತೆಗೆಯಬೇಕು. ಬಿಡಿಭಾಗಗಳ ತಯಾರಕರು ಪಕ್ಕದಲ್ಲೊಂದು ಅಳತೆಪಟ್ಟಿಯನ್ನಿಟ್ಟು ಚಿತ್ರ ತೆಗೆದರೆ ಅರ್ಧದಷ್ಟು ವಿಚಾರಣೆಗಳಿಗೆ ಉತ್ತರ ಕೊಟ್ಟಂತಾಗುತ್ತದೆ.

ಪೊಟ್ಟಣದ ಸರಕು ಮಾರುವವರಿಗೆ ಒಂದು ಎಚ್ಚರಿಕೆ. ಕಾನೂನು ಮಾಪನಶಾಸ್ತ್ರದ 2011ರ ಪೊಟ್ಟಣ ಸರಕು ನಿಯಮಗಳ ತಿದ್ದುಪಡಿಯ ಮೇರೆಗೆ, 2018ರ ಜನವರಿ 1ರಿಂದ ಜಾಲದ ಮೂಲಕ ಮಾರುವ ಪೊಟ್ಟಣಗಳ ಕಡ್ಡಾಯ ಘೋಷಣೆಗಳನ್ನು ಜಾಲತಾಣದಲ್ಲಿಯೂ ತೋರಿಸಬೇಕಾಗಿದೆ. ಲೇಬಲಿನ ಹಿಗ್ಗಿಸಿದ ಚಿತ್ರವನ್ನು ಕೊಡಿರಿ, ಆದರೆ ಅದೊಂದನ್ನೇ ನಂಬದೆ ತಯಾರಕರ ಹೆಸರು, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆಗಳನ್ನು ಅಕ್ಷರಗಳಲ್ಲಿಯೂ ಬರೆಯಿರಿ. ಚಿತ್ರ ಬಾರದಿದ್ದಾಗಲೂ, ಕಣ್ಣು ಕಾಣದವರು ತಂತ್ರಾಂಶದಿಂದ ಓದಿಸಿಕೊಳ್ಳುವಾಗಲೂ ಅಕ್ಷರ ಉಳಿಯುತ್ತದೆ. ಇದೇ ಕಾರಣಕ್ಕೆ ಪ್ರತಿ ಚಿತ್ರಕ್ಕೂ ಆಲ್ಟ್ ಎಂಬ ಪರ್ಯಾಯ ಬರಹವಿರಬೇಕು. "ಚಿತ್ರ 7" ಎಂದು ಬರೆಯುವ ಬದಲು "ದಾಳಿಂಬೆ ಕೆಂಪು ಒಡಲು, ಗೋಮಿ ದಡಿ" ಎಂದು ಬರೆದರೆ ಹುಡುಕುವವರಿಗೂ ಸಿಗುತ್ತದೆ.

ನಿರ್ಮಾಪಕರಿಗೆ ಹಣ ಪಾವತಿಸುವ ಮುನ್ನ ಜಾಲತಾಣವನ್ನು ನಿಮ್ಮ ಕಛೇರಿಯಲ್ಲಿ ಕುಳಿತು ನೋಡಬೇಡಿರಿ. ಹಳೆಯದೊಂದು ಫೋನನ್ನು ತೆಗೆದುಕೊಂಡು ಸಂಪರ್ಕ ಮಂದವಾಗಿರುವ ಸ್ಥಳಕ್ಕೆ ಹೋಗಿ, ಪುಟ್ಟ ಚಿತ್ರವನ್ನು ಒತ್ತಿ, ಹಿಂದಕ್ಕೆ ಒತ್ತಿ, ಮತ್ತೊಂದನ್ನು ಒತ್ತಿ ನೋಡಿರಿ. ಬಳಿಕ ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟನ್ನು ನಿಲ್ಲಿಸಿ ಇನ್ನೊಮ್ಮೆ ಪರೀಕ್ಷಿಸಿರಿ. ನಮ್ಮ ಜಾಲತಾಣವನ್ನು ಸರಿಪಡಿಸಿದಾಗ ನಾನು ಬಸ್ಸಿನಲ್ಲಿ ಕುಳಿತು ಈ ಪರೀಕ್ಷೆ ಮಾಡಿದೆ. ಎರಡು ತಪ್ಪುಗಳು ಅಲ್ಲಿಯೇ ಸಿಕ್ಕವು.

ಹುಬ್ಬಳ್ಳಿಯ ಆ ವ್ಯಾಪಾರಿಗಳು ಮರುವರ್ಷ ತಾವಾಗಿ ಮರಳಿದರು. ಈಗ ದೂರವಾಣಿ ಮಾಡುವುದು ಕಡಿಮೆ. ಮೆಚ್ಚಿದ ಸೆರಗಿನ ದೊಡ್ಡ ಚಿತ್ರವನ್ನು ತೆರೆದು, ಅದರ ವಿಳಾಸವನ್ನೇ ವಾಟ್ಸಾಪ್‌ನಲ್ಲಿ ಕಳುಹಿಸಿ, ಕೆಳಗೆ ಒಂದೇ ಸಾಲು ಬರೆಯುತ್ತಾರೆ: "ಇದ್ರಾಗ ಹತ್ತು."