ಒಂದು ಓರೆಗೆರೆ, 850 ಕಿಲೋ ಕಬ್ಬು: ಪೈಥಾನ್ ಭಾಗಾಕಾರದ ಒಳಗುಟ್ಟು

ಜಮಖಂಡಿ: ಜಮಖಂಡಿ, ಮುಧೋಳ, ಬೀಳಗಿ ಭಾಗದ ಕಬ್ಬು ತೂಕದ ಕಾಟಾದಲ್ಲಿ ಕಿಲೋ ಲೆಕ್ಕದಲ್ಲಿ ತೂಗುತ್ತದೆ, ಬಿಲ್ಲು ಟನ್ ಲೆಕ್ಕದಲ್ಲಿ ಬರುತ್ತದೆ. ಇವೆರಡರ ನಡುವೆ ಇರುವುದು ಸಾವಿರದಿಂದ ಭಾಗಿಸುವ ಒಂದೇ ಲೆಕ್ಕ. ಅದನ್ನು ಪೈಥಾನ್ ಭಾಷೆಯಲ್ಲಿ ಬರೆಯುವವರು ಎಡವುವುದೂ ಇಲ್ಲಿಯೇ.

ಟ್ರ್ಯಾಕ್ಟರ್ ಒಂದರಲ್ಲಿ ಬಂದ ಕಬ್ಬಿನ ನಿವ್ವಳ ತೂಕ 17,850 ಕಿಲೋ ಎಂದಿಟ್ಟುಕೊಳ್ಳೋಣ. ಪೈಥಾನ್‌ನ ಎರಡನೇ ಪೀಳಿಗೆಯ ಆವೃತ್ತಿಗಳಲ್ಲಿ 17850 / 1000 ಎಂದು ಬರೆದರೆ ಉತ್ತರ ಕೇವಲ 17. ಎರಡೂ ಪೂರ್ಣಾಂಕಗಳಾಗಿದ್ದರೆ ಉತ್ತರವೂ ಪೂರ್ಣಾಂಕವೇ ಆಗಬೇಕೆಂಬುದು ಅಲ್ಲಿನ ನಿಯಮ. ಉಳಿದ 850 ಕಿಲೋ ಸದ್ದಿಲ್ಲದೆ ಮಾಯವಾಗುತ್ತದೆ. ದೋಷವಿದೆ ಎಂಬ ಸೂಚನೆಯೂ ಬರುವುದಿಲ್ಲ. ಕೇಂದ್ರ ಸರ್ಕಾರ 2025–26ರ ಹಂಗಾಮಿಗೆ ಶೇ. 10.25 ಇಳುವರಿಗೆ ನಿಗದಿಪಡಿಸಿದ ಎಫ್‌ಆರ್‌ಪಿ ದರ ಕ್ವಿಂಟಲ್‌ಗೆ 355 ರೂ. ಈ ದರದಲ್ಲಿ ಲೆಕ್ಕ ಹಾಕಿದರೆ ಒಂದೇ ಗಾಡಿಗೆ ರೈತ ಕಳೆದುಕೊಳ್ಳುವ ಮೊತ್ತ 3,017.50 ರೂ.

ಈ ಗೊಂದಲ ನಿವಾರಿಸಲು 2001ರಲ್ಲಿ ಬಂದ 2.2ನೇ ಆವೃತ್ತಿಯು ಜೋಡಿ ಓರೆಗೆರೆಯ (//) ಚಿಹ್ನೆಯನ್ನು ಪರಿಚಯಿಸಿತು. 2008ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ 3.0 ಆವೃತ್ತಿಯಿಂದ ಒಂಟಿ ಓರೆಗೆರೆಯು ದಶಮಾಂಶ ಸಹಿತ 17.85 ಎಂದೇ ಉತ್ತರಿಸುತ್ತದೆ. ಜೋಡಿ ಓರೆಗೆರೆ ಬಳಸಿದರೆ ಮಾತ್ರ 17 ದೊರೆಯುತ್ತದೆ. ಎರಡನೇ ಪೀಳಿಗೆಗೆ ನೀಡುತ್ತಿದ್ದ ಬೆಂಬಲ 2020ರ ಜನವರಿ 1ಕ್ಕೆ ಕೊನೆಗೊಂಡಿದೆ. ಆದ್ದರಿಂದ ಹಳೆಯ ತಂತ್ರಾಂಶವನ್ನು ಹೊಸದಕ್ಕೆ ಬದಲಿಸುವಾಗ ಪ್ರತಿಯೊಂದು ಭಾಗಾಕಾರವನ್ನೂ ಪರಿಶೀಲಿಸುವುದು ಅವಶ್ಯ.

ಹಾಗೆಂದು ಪೂರ್ಣಾಂಕ ಭಾಗಾಕಾರ ನಿರುಪಯುಕ್ತವೇನಲ್ಲ. ನೇಕಾರರ ಊರಾದ ರಬಕವಿ–ಬನಹಟ್ಟಿಯ ಲೆಕ್ಕವನ್ನೇ ನೋಡಬಹುದು. 100 ಮೀಟರ್ ನೇಯ್ಗೆಯಲ್ಲಿ 6 ಮೀಟರ್‌ನ ಸೀರೆಗಳೆಷ್ಟು ಎಂದರೆ ಸುಮಾರು 16.67 ಎಂಬ ಉತ್ತರ ಯಾರಿಗೂ ಬೇಡ. 100 // 6 ಎಂದರೆ 16 ಸೀರೆ, 100 % 6 ಎಂದರೆ ಉಳಿಯುವ 4 ಮೀಟರ್. ಇಲ್ಲಿ ಅದೇ ಸರಿಯಾದ ಲೆಕ್ಕ.

ದಶಮಾಂಶದ ಉತ್ತರವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಕಂಪ್ಯೂಟರ್ ದ್ವಿಮಾನ ಪದ್ಧತಿಯಲ್ಲಿ ಎಣಿಸುವುದರಿಂದ 0.1ರಂತಹ ಸಂಖ್ಯೆಗಳನ್ನು ನಿಖರವಾಗಿ ಹಿಡಿದಿಡಲಾರದು. ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿಸಿದರೆ 0.30000000000000004 ಬರುವುದು ಇದೇ ಕಾರಣಕ್ಕೆ. ಹಣದ ವ್ಯವಹಾರಕ್ಕೆ ಡೆಸಿಮಲ್ ಎಂಬ ಪ್ರತ್ಯೇಕ ವ್ಯವಸ್ಥೆ ಇರುವುದೂ ಇದಕ್ಕಾಗಿಯೇ.

ಇನ್ನೂ ಸರಳ ದಾರಿಯೆಂದರೆ ತೂಕವನ್ನು ಕಿಲೋದಲ್ಲಿಯೂ ದರವನ್ನು ಪೈಸೆಯಲ್ಲಿಯೂ ಇಡುವುದು. 17,850 ಕಿಲೋವನ್ನು 355 ಪೈಸೆಯಿಂದ ಗುಣಿಸಿ, ಕೊನೆಯಲ್ಲಿ ಮಾತ್ರ ರೂಪಾಯಿಗೆ ಪರಿವರ್ತಿಸಿದರೆ ರೈತನಿಗೆ ಸಲ್ಲಬೇಕಾದ 63,367.50 ರೂ. ಪೂರ್ತಿಯಾಗಿ ಸಿಗುತ್ತದೆ.